ನಿರ್ಮಾಣಸೂತ್ರಗಳಲ್ಲಿ ಸ್ಥಿರಮಾರ್ಗ ಮತ್ತು ಚರ: ನಿರ್ಧಾರದ ಅಧಿಕಾರವನ್ನು ಕುರಿತ ಒಂದು ವಿಮರ್ಶೆ

1. ಪ್ರವೇಶ

ತಂತ್ರಾಂಶವನ್ನು ಕುರಿತ ಕನ್ನಡದ ಬರಹಗಳು ಬಹುಮಟ್ಟಿಗೆ ಪರದೆಯ ಮೇಲೆ ಕಾಣುವ ಸಂಗತಿಗಳನ್ನು ಆಶ್ರಯಿಸಿವೆ. ಅಕ್ಷರಶೈಲಿ, ಕೀಲಿಮಣೆಯ ವಿನ್ಯಾಸ, ಪದಸಂಸ್ಕರಣೆ, ಯುನಿಕೋಡ್ ಮುಂತಾದವು ಈ ಚರ್ಚೆಯ ಮುಖ್ಯ ವಸ್ತುಗಳು. ಇವುಗಳ ಹಿಂದೆ ಇದ್ದು ಬಳಕೆದಾರನ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಬಗೆಯ ಬರಹವು ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆಕರ ಸಂಕೇತವನ್ನು, ಅಂದರೆ ಕ್ರಮವಿಧಿಕಾರನು ಬರೆದ ಮೂಲ ಪಠ್ಯವನ್ನು, ಯಂತ್ರವು ನಡೆಸಬಲ್ಲ ರೂಪಕ್ಕೆ ತರುವುದು ಹೇಗೆ, ಹಾಗೆ ತಂದ ಕಡತಗಳನ್ನು ಗಣಕದಲ್ಲಿ ಎಲ್ಲಿ ಇರಿಸಬೇಕು ಎಂಬುದನ್ನು ವಿಧಿಸುವ ಬರಹವದು. ಇಂಗ್ಲಿಷಿನಲ್ಲಿ ಅದನ್ನು ‘ಬಿಲ್ಡ್ ರೆಸಿಪಿ’ ಎನ್ನುತ್ತಾರೆ. ಪ್ರಸ್ತುತ ಪ್ರಬಂಧದಲ್ಲಿ ಅದನ್ನು ‘ನಿರ್ಮಾಣಸೂತ್ರ’ ಎಂದು ಕರೆಯಲಾಗಿದೆ. ‘ಮೇಕ್‌ಫೈಲ್’, ಆರ್‌ಪಿಎಂ ಪ್ಯಾಕೇಜುಗಳ ‘ಸ್ಪೆಕ್’ ಕಡತ, ಜೆಂಟೂ ವಿತರಣೆಯ ‘ಇಬಿಲ್ಡ್’, ಯೋಕ್ಟೋ ಯೋಜನೆಯ ‘ಬಿಟ್‌ಬೇಕ್’ ಸೂತ್ರಗಳು, ನಿಕ್ಸ್ ಭಾಷೆಯಲ್ಲಿ ಬರೆದ ವಿವರಣೆಗಳು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ.

ನಿರ್ಮಾಣಸೂತ್ರವು ಸ್ಥಳವನ್ನು ಎರಡು ಬಗೆಯಲ್ಲಿ ಹೆಸರಿಸಬಲ್ಲದು. ಗಣಕದ ಕಡತಕೋಶಗಳು ಒಂದರೊಳಗೊಂದು ಇರುವ ಕ್ರಮವನ್ನು ಓರೆಗೆರೆಗಳಿಂದ ಬಿಡಿಸಿ ಬರೆದ ವಿಳಾಸಕ್ಕೆ ‘ಮಾರ್ಗ’ವೆಂದು ಹೆಸರು. ‘/ಯುಎಸ್‌ಆರ್/ಲೋಕಲ್/ಬಿನ್’ ಎಂಬ ಮಾರ್ಗವನ್ನು ಸೂತ್ರದಲ್ಲಿ ಅಕ್ಷರಶಃ ಬರೆದುಬಿಡುವುದು ಮೊದಲನೆಯ ಬಗೆ. ಇದನ್ನು ಇಲ್ಲಿ ‘ಸ್ಥಿರಮಾರ್ಗ’ ಎನ್ನೋಣ. ಅದೇ ಸ್ಥಳಕ್ಕೆ ‘ಬಿನ್‌ಡಿರ್’ ಎಂಬ ಸಂಜ್ಞೆಯನ್ನಿಟ್ಟು, ಆ ಸಂಜ್ಞೆಯ ಬೆಲೆಯನ್ನು ಬೇರೊಂದೆಡೆಯಲ್ಲಿ ಗೊತ್ತುಪಡಿಸುವುದು ಎರಡನೆಯ ಬಗೆ. ಇದು ‘ಚರ’. ಮೊದಲನೆಯದು ದೋಷ, ಎರಡನೆಯದು ಗುಣ ಎಂಬುದು ಪಾಠಕ್ರಮಗಳಲ್ಲಿಯೂ ಕೈಪಿಡಿಗಳಲ್ಲಿಯೂ ರೂಢವಾಗಿರುವ ಅಭಿಪ್ರಾಯ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆಯುವ ಪರಂಪರೆಯಲ್ಲಿ ಬೆಳೆದವರಿಗೆ ಈ ಅಭಿಪ್ರಾಯವು ಸಹಜವೆನಿಸುವುದೂ ಉಂಟು.

ಈ ಅಭಿಪ್ರಾಯದಲ್ಲಿ ಸತ್ಯಾಂಶವಿದೆಯಾದರೂ ಅದು ಪೂರ್ಣಸತ್ಯವಲ್ಲವೆಂಬುದು ಈ ಪ್ರಬಂಧದ ಪ್ರತಿಪಾದನೆ. ಸ್ಥಿರಮಾರ್ಗವೆಂದರೆ ‘ಇದನ್ನು ನಾನು ನಿರ್ಧರಿಸಿದ್ದೇನೆ’ ಎಂಬ ಹೇಳಿಕೆ. ಚರವೆಂದರೆ ‘ಇದನ್ನು ನೀನು ನಿರ್ಧರಿಸು’ ಎಂಬ ಹೇಳಿಕೆ. ಯಾವುದು ಸರಿ ಎಂಬುದು ಬರವಣಿಗೆಯ ರೂಪದಿಂದ ತೀರ್ಮಾನವಾಗುವುದಿಲ್ಲ. ಆ ಸ್ಥಳವನ್ನು ನಿರ್ಧರಿಸುವ ಅಧಿಕಾರವು ನ್ಯಾಯವಾಗಿ ಯಾರದು ಎಂಬುದರಿಂದ ತೀರ್ಮಾನವಾಗುತ್ತದೆ. ತಂತ್ರಾಂಶದ ಕರ್ತೃ, ಅದನ್ನು ಪ್ಯಾಕೇಜಾಗಿ ಕಟ್ಟುವ ವಿತರಕ, ಯಂತ್ರದ ಆಡಳಿತಗಾರ, ಕೊನೆಯ ಬಳಕೆದಾರ ಎಂಬ ನಾಲ್ವರ ನಡುವೆ ಈ ಅಧಿಕಾರವು ಹಂಚಿಹೋಗಿರುತ್ತದೆ. ಹಂಚಿಕೆ ತಪ್ಪಿದಾಗ ಯಾರಿಗೆ ಯಾವ ಹಾನಿಯಾಗುತ್ತದೆ ಎಂಬುದನ್ನು ಮುಂದಿನ ಭಾಗಗಳಲ್ಲಿ ನಿದರ್ಶನಗಳ ಮೂಲಕ ಪರಿಶೀಲಿಸಲಾಗಿದೆ.

2. ಚರದ ಹುಟ್ಟು: ಒಂದು ಐತಿಹಾಸಿಕ ನೋಟ

ನಿರ್ಮಾಣಸೂತ್ರಗಳ ಇತಿಹಾಸದಲ್ಲಿ ಮೊದಲ ಮುಖ್ಯ ಘಟ್ಟವೆಂದರೆ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ‘ಮೇಕ್’. ಯಾವ ಕಡತವು ಯಾವುದನ್ನು ಅವಲಂಬಿಸಿದೆ, ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕು ಎಂಬುದನ್ನು ಮೇಕ್‌ಫೈಲ್ ಹೇಳುತ್ತದೆ. ಸಂಜ್ಞೆಗೆ ಬೆಲೆ ಕೊಡುವ ಸೌಲಭ್ಯವೂ ಅದರಲ್ಲಿ ಆರಂಭಕಾಲದಿಂದಲೇ ಇತ್ತು. ಆದರೆ ಒಂದೇ ಸಂಸ್ಥೆಯ ಯಂತ್ರಗಳಲ್ಲಿ ಕಡತಗಳ ಸ್ಥಳಗಳು ಹೆಚ್ಚುಕಡಿಮೆ ಒಂದೇ ಆಗಿರುವಾಗ ಸ್ಥಿರಮಾರ್ಗವು ಯಾರಿಗೂ ಹೊರೆಯಾಗುವುದಿಲ್ಲ. ಬರೆಯುವವನೂ ಬಳಸುವವನೂ ಒಂದೇ ಸೂರಿನಡಿ ಇದ್ದಾಗ ನಿರ್ಧಾರ ಯಾರದೆಂಬ ಪ್ರಶ್ನೆ ಏಳುವುದಿಲ್ಲ.

ಯುನಿಕ್ಸ್ ವ್ಯವಸ್ಥೆಯು ಹಲವು ತಯಾರಕರ ಕೈಗೆ ಹೋಗಿ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಡತಕೋಶಗಳನ್ನು ಜೋಡಿಸತೊಡಗಿದಾಗ ಈ ಸ್ಥಿತಿ ಬದಲಾಯಿತು. ಒಂದೆಡೆ ಬರೆದ ತಂತ್ರಾಂಶವನ್ನು ಇನ್ನೊಂದೆಡೆ ಕಟ್ಟಬೇಕಾದವನು ಮೇಕ್‌ಫೈಲನ್ನು ಕೈಯಿಂದ ತಿದ್ದಬೇಕಾಗುತ್ತಿತ್ತು. ಗ್ನೂ ಯೋಜನೆಯ ಸಂಕೇತರಚನಾ ನಿಯಮಗಳು ಇದಕ್ಕೊಂದು ಶಿಸ್ತನ್ನು ತಂದವು. ‘ಪ್ರಿಫಿಕ್ಸ್’ ಎಂಬುದು ಮೂಲಸ್ಥಾನ. ಬೇರೆ ಏನೂ ಹೇಳದಿದ್ದರೆ ಅದರ ಬೆಲೆ ‘/ಯುಎಸ್‌ಆರ್/ಲೋಕಲ್’. ಕಾರ್ಯಕಾರಿ ಕಡತಗಳಿಗೆ ‘ಬಿನ್‌ಡಿರ್’, ಲೈಬ್ರರಿ ಕಡತಗಳಿಗೆ ‘ಲಿಬ್‌ಡಿರ್’, ಸಂರಚನಾ ಕಡತಗಳಿಗೆ ‘ಸಿಸ್‌ಕಾನ್ಫ್‌ಡಿರ್’, ಅನುವಾದ ಕಡತಗಳಿಗೆ ‘ಲೊಕೇಲ್‌ಡಿರ್’ ಎಂಬ ಸಂಜ್ಞೆಗಳು ನೆಲೆಗೊಂಡವು. 1991ರಲ್ಲಿ ಡೇವಿಡ್ ಮೆಕೆಂಜಿ ಅವರು ಆರಂಭಿಸಿದ ‘ಆಟೋಕಾನ್ಫ್’ ಸಾಧನವು ಈ ಸಂಜ್ಞೆಗಳ ಬೆಲೆಯನ್ನು ಕಟ್ಟುವವನೇ ಒಂದು ಆಜ್ಞೆಯಲ್ಲಿ ಸೂಚಿಸುವಂತೆ ಮಾಡಿತು. ಸೂತ್ರವನ್ನು ತಿದ್ದದೆಯೇ ಸ್ಥಳವನ್ನು ಬದಲಿಸುವುದು ಇದರಿಂದ ಸಾಧ್ಯವಾಯಿತು.

ಈ ಪರಂಪರೆಯ ಅತ್ಯಂತ ಸೂಕ್ಷ್ಮವಾದ ವಿವೇಚನೆ ಕಾಣುವುದು ‘ಡೆಸ್ಟ್‌ಡಿರ್’ ಎಂಬ ಇನ್ನೊಂದು ಸಂಜ್ಞೆಯಲ್ಲಿ. ಬಡಗಿಯು ಒಂದು ಮನೆಗೆ ಬಾಗಿಲು ಮಾಡುವಾಗ ಅಳತೆಯನ್ನು ಆ ಮನೆಯಿಂದ ತರುತ್ತಾನೆ. ಬಾಗಿಲು ಮಾತ್ರ ಸದ್ಯಕ್ಕೆ ಅವನ ಕಾರ್ಯಾಗಾರದ ಗೋಡೆಗೆ ಒರಗಿರುತ್ತದೆ. ಪ್ಯಾಕೇಜು ಕಟ್ಟುವವನ ಸ್ಥಿತಿಯೂ ಇದೇ. ತಂತ್ರಾಂಶವು ಮುಂದೆ ‘/ಯುಎಸ್‌ಆರ್’ನಲ್ಲಿ ವಾಸಿಸಬೇಕು, ಆದ್ದರಿಂದ ಅದರೊಳಗೆ ಆ ಮಾರ್ಗವೇ ಅಚ್ಚಾಗಬೇಕು, ಆದರೆ ಈಗ ಕಡತಗಳನ್ನು ಒಂದು ತಾತ್ಕಾಲಿಕ ಖಾಲಿ ಕೋಶದಲ್ಲಿ ಕೂಡಿಹಾಕಬೇಕು. ‘ಪ್ರಿಫಿಕ್ಸ್’ ಎಂಬುದು ವಾಸಸ್ಥಾನ, ‘ಡೆಸ್ಟ್‌ಡಿರ್’ ಎಂಬುದು ತಾತ್ಕಾಲಿಕವಾಗಿ ಇರಿಸುವ ಸ್ಥಾನ. ಇವೆರಡಕ್ಕೂ ಒಂದೇ ಚರವನ್ನು ಬಳಸಿದ ಸೂತ್ರದಲ್ಲಿ ತಾತ್ಕಾಲಿಕ ಕೋಶದ ಹೆಸರು ತಂತ್ರಾಂಶದ ಒಡಲಿಗೆ ಸೇರಿಹೋಗುತ್ತದೆ. ಆ ಕೋಶವನ್ನು ಅಳಿಸಿದ ಮರುಗಳಿಗೆಯಿಂದ ತಂತ್ರಾಂಶವು ಇಲ್ಲದ ಮನೆಯನ್ನು ಹುಡುಕುತ್ತದೆ. ಸೂತ್ರದಲ್ಲಿ ಚರವಿತ್ತು, ಎರಡು ಅರ್ಥಗಳಿಗೆ ಎರಡು ಚರಗಳಿರಲಿಲ್ಲ.

3. ಸ್ಥಿರಮಾರ್ಗದ ದೋಷಗಳು

ಕಡತಗಳ ಸ್ಥಳವನ್ನು ಒಂದು ಮಾನಕವೇ ಗೊತ್ತುಪಡಿಸಿದರೆ ಚರಗಳ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಲಿನಕ್ಸ್ ವಿತರಣೆಗಳಿಗಾಗಿ ಇಂತಹ ಮಾನಕವು 1994ರ ಫೆಬ್ರವರಿಯಲ್ಲಿ ಮೊದಲು ಪ್ರಕಟವಾಯಿತು. ಅನಂತರ ‘ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್’ ಎಂಬ ಹೆಸರಿನಲ್ಲಿ ಪರಿಷ್ಕೃತಗೊಂಡು, ಅದರ 3.0 ಆವೃತ್ತಿಯು 2015ರಲ್ಲಿ ಹೊರಬಂದಿತು. ಆದರೆ ಇದೇ ಅವಧಿಯಲ್ಲಿ ನೆಲವೇ ಹಲವು ಬಾರಿ ಸರಿದಿದೆ.

ಮೊದಲ ನಿದರ್ಶನ ಲೈಬ್ರರಿ ಕಡತಗಳದು. 2003ರಲ್ಲಿ ಎಎಂಡಿ ಸಂಸ್ಥೆಯ 64 ಬಿಟ್ ಸಂಸ್ಕಾರಕಗಳು ಮಾರುಕಟ್ಟೆಗೆ ಬಂದಾಗ ಒಂದೇ ಯಂತ್ರದಲ್ಲಿ 32 ಬಿಟ್ ಮತ್ತು 64 ಬಿಟ್ ತಂತ್ರಾಂಶಗಳೆರಡನ್ನೂ ನಡೆಸುವ ಅಗತ್ಯವುಂಟಾಯಿತು. ಎರಡರ ಲೈಬ್ರರಿ ಕಡತಗಳ ಹೆಸರುಗಳೂ ಒಂದೇ. ಒಂದೇ ಕೋಶದಲ್ಲಿ ಎರಡೂ ಇರಲಾರವು. ರೆಡ್ ಹ್ಯಾಟ್ ಪರಂಪರೆಯ ವಿತರಣೆಗಳು 64 ಬಿಟ್ ಕಡತಗಳಿಗೆ ‘ಲಿಬ್64’ ಎಂಬ ಕೋಶವನ್ನು ಆರಿಸಿಕೊಂಡವು. ಡೆಬಿಯನ್ ವಿತರಣೆಯು 2013ರ ತನ್ನ 7ನೆಯ ಆವೃತ್ತಿಯಲ್ಲಿ ಸಂಸ್ಕಾರಕದ ಬಗೆಯನ್ನೇ ಕೋಶದ ಹೆಸರಿನಲ್ಲಿ ಸೇರಿಸುವ ಬೇರೊಂದು ವ್ಯವಸ್ಥೆಯನ್ನು ತಂದಿತು. ‘ಲಿಬ್‌ಡಿರ್’ ಎಂದು ಬರೆದ ಸೂತ್ರಗಳು ಈ ಎರಡು ನೆಲಗಳಲ್ಲಿಯೂ ತಿದ್ದುಪಡಿಯಿಲ್ಲದೆ ನಡೆದವು. ‘/ಯುಎಸ್‌ಆರ್/ಲಿಬ್’ ಎಂದು ಬರೆದ ಸೂತ್ರಗಳನ್ನು ಪ್ರತಿಯೊಂದು ವಿತರಣೆಯವರೂ ಪ್ರತ್ಯೇಕವಾಗಿ ತಿದ್ದಬೇಕಾಯಿತು. ಕರ್ತೃ ಒಮ್ಮೆ ಉಳಿಸಿಕೊಂಡ ಶ್ರಮವನ್ನು ಅನೇಕರು ಅನೇಕ ಸಲ ತೆತ್ತರು.

ಎರಡನೆಯ ನಿದರ್ಶನವು ಇನ್ನಷ್ಟು ಸೂಕ್ಷ್ಮವಾದುದು. ‘/ಬಿನ್’ ಮತ್ತು ‘/ಯುಎಸ್‌ಆರ್/ಬಿನ್’ ಎಂಬ ಎರಡು ಕೋಶಗಳನ್ನು ಒಂದಾಗಿಸುವ ಕ್ರಮವನ್ನು ಫೆಡೋರಾ ವಿತರಣೆಯು 2012ರ 17ನೆಯ ಆವೃತ್ತಿಯಲ್ಲಿ ಕೈಗೊಂಡಿತು. ಡೆಬಿಯನ್ 2023ರ 12ನೆಯ ಆವೃತ್ತಿಯಲ್ಲಿ ಇದನ್ನು ಕಡ್ಡಾಯಗೊಳಿಸಿತು. ಹಳೆಯ ಕೋಶದ ಜಾಗದಲ್ಲಿ ಹೊಸ ಕೋಶಕ್ಕೆ ದಾರಿತೋರುವ ಕೊಂಡಿಯನ್ನು ಇರಿಸಿದ್ದರಿಂದ ‘/ಬಿನ್’ನಲ್ಲಿರುವುದನ್ನು ಹೆಸರಿಟ್ಟು ಕರೆಯುವ ಹಳೆಯ ಬರಹಗಳು ನಡೆಯುತ್ತಲೇ ಇವೆ. ಕಷ್ಟ ತಲೆದೋರಿದ್ದು ಕಡತವನ್ನು ಅಲ್ಲಿ ಇರಿಸುವ ಸೂತ್ರಗಳಿಂದ. ಡೆಬಿಯನ್ನಿನ ಪ್ಯಾಕೇಜ್ ನಿರ್ವಾಹಕವು ಒಂದೇ ಕಡತವನ್ನು ಎರಡು ಹೆಸರುಗಳಿಂದ ಎರಡು ಬೇರೆ ವಸ್ತುಗಳೆಂದು ಎಣಿಸುತ್ತಿದ್ದುದರಿಂದ, ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಕಡತವು ವರ್ಗವಾಗುವಾಗ ಅದು ಕಾಣೆಯಾಗುವ ಅಪಾಯವಿತ್ತು. ಸ್ಥಳವನ್ನು ‘ಕರೆಯುವ’ ಸ್ಥಿರಮಾರ್ಗವೂ ಸ್ಥಳವನ್ನು ‘ಕೊಡುವ’ ಸ್ಥಿರಮಾರ್ಗವೂ ಒಂದೇ ತೂಕದವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯ ನಿದರ್ಶನ ಆ್ಯಪಲ್ ಗಣಕಗಳಲ್ಲಿ ಬಳಕೆಯಲ್ಲಿರುವ ‘ಹೋಂಬ್ರೂ’. ಇಂಟೆಲ್ ಸಂಸ್ಕಾರಕದ ಯಂತ್ರಗಳಲ್ಲಿ ಅದರ ನೆಲೆ ‘/ಯುಎಸ್‌ಆರ್/ಲೋಕಲ್’. ಆ್ಯಪಲ್ ತನ್ನದೇ ಸಂಸ್ಕಾರಕಗಳಿಗೆ ಬದಲಾದಾಗ, ಹಳೆಯ ಮತ್ತು ಹೊಸ ಬಗೆಯ ತಂತ್ರಾಂಶಗಳು ಒಂದೇ ಯಂತ್ರದಲ್ಲಿ ಪಕ್ಕಪಕ್ಕದಲ್ಲಿ ಇರಲೆಂದು ಹೊಸ ಯಂತ್ರಗಳಿಗೆ ‘/ಆಪ್ಟ್/ಹೋಂಬ್ರೂ’ ಎಂಬ ನೆಲೆಯನ್ನು ಗೊತ್ತುಮಾಡಲಾಯಿತು. 2021ರ ಫೆಬ್ರವರಿಯ 3.0.0 ಆವೃತ್ತಿಯು ಇದನ್ನು ಅಧಿಕೃತಗೊಳಿಸಿತು. ಹೋಂಬ್ರೂ ಎಂದರೆ ‘/ಯುಎಸ್‌ಆರ್/ಲೋಕಲ್’ ಎಂದೇ ನಂಬಿ ಬರೆದ ಸೂತ್ರಗಳು ಹೊಸ ಯಂತ್ರಗಳಲ್ಲಿ ತಮಗೆ ಬೇಕಾದ ಲೈಬ್ರರಿಗಳನ್ನು ಕಾಣದೆ ಹೋದವು. ಬಹುಕಾಲ ಬದಲಾಗದಿದ್ದುದು ಎಂದೂ ಬದಲಾಗದೆಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ಮೂರೂ ನಿದರ್ಶನಗಳಲ್ಲಿ ನಷ್ಟ ಹೊತ್ತವರು ಬಹುಮಟ್ಟಿಗೆ ತಜ್ಞರು. ಸಾಮಾನ್ಯ ಬಳಕೆದಾರನಿಗೆ ತಗಲುವ ನಷ್ಟ ಬೇರೆ ಬಗೆಯದು. ವಿಶ್ವವಿದ್ಯಾಲಯದ ಸಾಮೂಹಿಕ ಗಣಕದಲ್ಲಿ ಕೆಲಸಮಾಡುವ ವಿದ್ಯಾರ್ಥಿಗೆ ‘/ಯುಎಸ್‌ಆರ್’ನಲ್ಲಿ ಬರೆಯುವ ಅಧಿಕಾರವಿರುವುದಿಲ್ಲ, ತನ್ನ ಸ್ವಂತ ಕೋಶವೊಂದೇ ಅವನ ಪಾಲಿನ ನೆಲ. ‘ಪ್ರಿಫಿಕ್ಸ್’ ಇರುವ ಸೂತ್ರವು ಅವನಿಗೆ ಆ ನೆಲದಲ್ಲಿಯೇ ತಂತ್ರಾಂಶವನ್ನು ಕಟ್ಟಿಕೊಳ್ಳಲು ಬಿಡುತ್ತದೆ. ಸ್ಥಿರಮಾರ್ಗದ ಸೂತ್ರವು ಆಡಳಿತಗಾರನ ಅನುಮತಿಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು.

ಕನ್ನಡದ ಮಟ್ಟಿಗೆ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗ್ನೋಮ್, ಕೆಡಿಇ ಮೊದಲಾದ ಮುಕ್ತ ತಂತ್ರಾಂಶಗಳಿಗೆ ಸ್ವಯಂಸೇವಕರು ಮಾಡಿದ ಕನ್ನಡ ಅನುವಾದಗಳಿವೆ. ಗ್ನೂ ಯೋಜನೆಯ ‘ಗೆಟ್‌ಟೆಕ್ಸ್ಟ್’ ಪದ್ಧತಿಯಲ್ಲಿ ಇಂತಹ ಅನುವಾದಗಳು ಭಾಷೆಯ ಸಂಕೇತಾಕ್ಷರಗಳುಳ್ಳ ಪ್ರತ್ಯೇಕ ಕೋಶದಲ್ಲಿರುತ್ತವೆ. ಕನ್ನಡದ ಸಂಕೇತ ‘ಕೆಎನ್’. ಆ ಕೋಶ ಎಲ್ಲಿದೆಯೆಂಬುದನ್ನು ಅನೇಕ ವೇಳೆ ತಂತ್ರಾಂಶವನ್ನು ಕಟ್ಟುವಾಗಲೇ ‘ಲೊಕೇಲ್‌ಡಿರ್’ ಚರದ ಮೂಲಕ ಅದರೊಳಗೆ ಅಚ್ಚುಹಾಕಲಾಗುತ್ತದೆ. ಸೂತ್ರವು ಚರವನ್ನು ಬಿಟ್ಟು ‘/ಯುಎಸ್‌ಆರ್/ಶೇರ್/ಲೊಕೇಲ್’ ಎಂದು ಬರೆದಿದ್ದು, ತಂತ್ರಾಂಶವನ್ನು ಬೇರೆಡೆ ಸ್ಥಾಪಿಸಿದರೆ ಅನುವಾದವು ಸಿಗುವುದಿಲ್ಲ. ಆಗ ಯಾವ ದೋಷಸೂಚನೆಯೂ ಬಾರದು. ಗೆಟ್‌ಟೆಕ್ಸ್ಟ್ ಮೌನವಾಗಿ ಮೂಲ ಇಂಗ್ಲಿಷ್ ವಾಕ್ಯವನ್ನೇ ಹಿಂದಿರುಗಿಸುತ್ತದೆ. ಇಂಗ್ಲಿಷ್ ಬಳಕೆದಾರನಿಗೆ ಈ ದೋಷವು ಕಾಣುವುದೇ ಇಲ್ಲವಾದ್ದರಿಂದ ಅದು ವರದಿಯಾಗುವುದೂ ಅಪರೂಪ. ಕನ್ನಡ ಬಳಕೆದಾರನಾದರೋ ಈ ತಂತ್ರಾಂಶಕ್ಕೆ ಕನ್ನಡವೇ ಇಲ್ಲವೆಂದು ತಿಳಿಯುತ್ತಾನೆ. ಅನುವಾದಕರ ದುಡಿಮೆಯು ಗಣಕದಲ್ಲಿಯೇ ಇದ್ದೂ ಇಲ್ಲದಂತಾಗುತ್ತದೆ. ಒಂದು ಸಾಲಿನ ಸ್ಥಿರಮಾರ್ಗಕ್ಕೆ ಭಾಷೆಯೊಂದನ್ನು ಮರೆಮಾಡುವ ಶಕ್ತಿಯಿದೆಯೆಂಬುದನ್ನು ಸ್ಥಳೀಕರಣದ ಚರ್ಚೆಗಳು ಗಂಭೀರವಾಗಿ ಪರಿಗಣಿಸಬೇಕಾಗಿದೆ.

4. ಚರದ ದೋಷಗಳು

ಇಷ್ಟರಿಂದ ಚರವೇ ಪರಿಹಾರವೆಂದು ತೀರ್ಮಾನಿಸುವುದು ಅವಸರವಾದೀತು. ಸಾಧನಗಳೊಳಗೆ ಅಳವಡಿಸುವ ಪುಟ್ಟ ಗಣಕಗಳಿಗೆ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿಕೊಡುವ ಯೋಕ್ಟೋ ಯೋಜನೆಯ ಅನುಭವವು ಇಲ್ಲಿ ಬೋಧಪ್ರದ. ಇದು 2010ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಘೋಷಿತವಾಯಿತು. ಇದರ ಬಿಟ್‌ಬೇಕ್ ಸೂತ್ರಗಳು ಚರಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದವು. ಕೆಲಸ ನಡೆಯುವ ಕೋಶಕ್ಕೆ ‘ವರ್ಕ್‌ಡಿರ್’, ಆಕರ ಸಂಕೇತವಿರುವ ಕೋಶಕ್ಕೆ ‘ಎಸ್’, ಸ್ಥಾಪನೆಯ ತಾತ್ಕಾಲಿಕ ಕೋಶಕ್ಕೆ ‘ಡಿ’ ಎಂಬ ಸಂಜ್ಞೆಗಳಿವೆ. ಸೂತ್ರದ ಜೊತೆಗೆ ಬರುವ ಚಿಕ್ಕಪುಟ್ಟ ಕಡತಗಳು ಬಹುಕಾಲ ನೇರವಾಗಿ ‘ವರ್ಕ್‌ಡಿರ್’ನಲ್ಲಿಯೇ ಬಂದು ಬೀಳುತ್ತಿದ್ದವು, ಸೂತ್ರಕಾರರು ಅವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. 2024ರ ಅಕ್ಟೋಬರಿನ 5.1 ಆವೃತ್ತಿಯಲ್ಲಿ ಈ ಕಡತಗಳಿಗೆ ‘ಅನ್‌ಪ್ಯಾಕ್‌ಡಿರ್’ ಎಂಬ ಬೇರೆ ನೆಲೆಯನ್ನು ಕೊಡಲಾಯಿತು. ‘ಎಸ್’ ಮತ್ತು ‘ವರ್ಕ್‌ಡಿರ್’ಗಳನ್ನು ಒಂದೇ ಎಂದು ಬರೆದ ಸೂತ್ರಗಳು ದೋಷವೆಂದು ತಿರಸ್ಕೃತವಾಗತೊಡಗಿದವು.

ಈ ಸೂತ್ರಗಳಲ್ಲಿ ಸ್ಥಿರಮಾರ್ಗ ಇರಲಿಲ್ಲ. ಎಲ್ಲೆಡೆ ಚರವೇ ಇತ್ತು. ಆದರೂ ಅವನ್ನು ಒಂದೊಂದಾಗಿ ತಿದ್ದಬೇಕಾಯಿತು. ಅವುಗಳಲ್ಲಿ ಸ್ಥಿರಗೊಂಡಿದ್ದುದು ಸ್ಥಳಗಳ ನಡುವಣ ಸಂಬಂಧ: ತಂದ ಕಡತವು ಕೆಲಸದ ಕೋಶದಲ್ಲಿಯೇ ಇರುತ್ತದೆ ಎಂಬ ಊಹೆ. ಸಂಜ್ಞೆಯನ್ನು ಅದರ ಅರ್ಥಕ್ಕಾಗಿ ಬಳಸದೆ ಅದರ ಸದ್ಯದ ಬೆಲೆಗಾಗಿ ಬಳಸಿದಾಗ ಹೀಗಾಗುತ್ತದೆ. ಇದು ಚರದ ವೇಷದಲ್ಲಿರುವ ಸ್ಥಿರಮಾರ್ಗ. ನೇರವಾಗಿ ಬರೆದ ಸ್ಥಿರಮಾರ್ಗಕ್ಕಿಂತ ಇದನ್ನು ಹುಡುಕುವುದು ಕಷ್ಟ. ಏಕೆಂದರೆ ಅಕ್ಷರಗಳನ್ನು ಹೋಲಿಸಿ ಹುಡುಕುವ ಪರೀಕ್ಷೆಗಳು ಇದನ್ನು ನಿರ್ದೋಷಿಯೆಂದು ಬಿಟ್ಟುಬಿಡುತ್ತವೆ.

ಬೆಲೆಯಿಲ್ಲದ ಚರವು ಇನ್ನೊಂದು ಅಪಾಯ. 2015ರ ಜನವರಿಯಲ್ಲಿ ಲಿನಕ್ಸ್‌ಗಾಗಿ ರೂಪಿಸಿದ ‘ಸ್ಟೀಮ್’ ತಂತ್ರಾಂಶದ ಆರಂಭಿಕ ಆಜ್ಞಾಕಡತದಲ್ಲಿ, ತನ್ನ ನೆಲೆಯನ್ನು ಸೂಚಿಸುವ ಚರವು ಕೆಲವು ಸಂದರ್ಭಗಳಲ್ಲಿ ಖಾಲಿಯಾಗಿ ಉಳಿಯುತ್ತಿದ್ದುದು ಬೆಳಕಿಗೆ ಬಂದಿತು. ಆ ಚರದೊಳಗಿನ ಎಲ್ಲವನ್ನೂ ಅಳಿಸು ಎಂಬ ಆಜ್ಞೆಯು ಆಗ ಮೂಲದಿಂದಲೇ ಎಲ್ಲವನ್ನೂ ಅಳಿಸು ಎಂದಾಗಿ, ಬಳಕೆದಾರನ ಸ್ವಂತ ಕಡತಗಳು ನಾಶವಾಗುತ್ತಿದ್ದವು. ಇದು ನಿರ್ಮಾಣಸೂತ್ರವಲ್ಲದಿದ್ದರೂ ‘ಡೆಸ್ಟ್‌ಡಿರ್’ ಬಳಸಿ ಕಡತಗಳನ್ನು ಅಳಿಸುವ ಪ್ರತಿಯೊಂದು ಸೂತ್ರಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಹಾಗೆಂದು ಸ್ಥಿರಮಾರ್ಗವು ಸುರಕ್ಷಿತವೆನ್ನುವಂತೆಯೂ ಇಲ್ಲ. 2011ರಲ್ಲಿ ‘ಬಂಬಲ್‌ಬೀ’ ಎಂಬ ಯೋಜನೆಯ ಸ್ಥಾಪನಾ ಕಡತದಲ್ಲಿ ಅಕ್ಷರಶಃ ಬರೆದ ಒಂದು ಮಾರ್ಗದ ನಡುವೆ, ‘/ಯುಎಸ್‌ಆರ್’ ಆದಮೇಲೆ, ಒಂದು ತೆರಪು ನುಸುಳಿದ್ದರಿಂದ ಒಂದು ಮಾರ್ಗವು ಎರಡಾಗಿ ಒಡೆದು, ಅಳಿಸುವ ಆಜ್ಞೆಯು ಇಡೀ ‘/ಯುಎಸ್‌ಆರ್’ ಕೋಶವನ್ನೇ ನುಂಗಿತು. ಈ ಎರಡು ಘಟನೆಗಳನ್ನು ಜೊತೆಗಿರಿಸಿ ನೋಡಿದಾಗ, ಬರವಣಿಗೆಯ ಯಾವುದೇ ರೂಪವು ತಾನಾಗಿಯೇ ರಕ್ಷಣೆಯನ್ನು ಕೊಡಲಾರದೆಂಬುದು ಮನವರಿಕೆಯಾಗುತ್ತದೆ.

ಮೂರನೆಯ ದೋಷ ಅರೆಚರದ್ದು. ಸೂತ್ರದಲ್ಲಿ ‘ಸಿಸ್‌ಕಾನ್ಫ್‌ಡಿರ್’ ಎಂಬ ಚರವಿದೆ. ಕಟ್ಟುವವನು ಅದಕ್ಕೆ ತನ್ನ ಬೆಲೆಯನ್ನು ಕೊಡುತ್ತಾನೆ. ಸಂರಚನಾ ಕಡತವೂ ಅಲ್ಲಿಯೇ ಹೋಗಿ ಕುಳಿತುಕೊಳ್ಳುತ್ತದೆ. ಆದರೆ ಆಕರ ಸಂಕೇತದೊಳಗೆ ಕರ್ತೃವು ‘/ಇಟಿಸಿ’ ಎಂದು ಅಕ್ಷರಶಃ ಬರೆದಿರುವುದರಿಂದ ತಂತ್ರಾಂಶವು ಅದನ್ನು ಅಲ್ಲಿಯೇ ಹುಡುಕುತ್ತದೆ. ಪೂರ್ಣ ಸ್ಥಿರಮಾರ್ಗವು ತನ್ನ ಮಿತಿಯನ್ನು ಮುಚ್ಚಿಡುವುದಿಲ್ಲ. ಅರೆಚರವು ಆಯ್ಕೆಯ ಭರವಸೆ ಕೊಟ್ಟು ಅದನ್ನು ನಡೆಸುವುದಿಲ್ಲ.

5. ಸ್ಥಿರಮಾರ್ಗದ ಸಮರ್ಥನೆ

ಕೆಲವು ಸ್ಥಳಗಳನ್ನು ಸ್ಥಿರವಾಗಿ ಬರೆಯುವುದೇ ನ್ಯಾಯ. ‘/ಡೆವ್/ನಲ್’ ಎಂಬುದು ಪೊಸಿಕ್ಸ್ ಮಾನಕವು ಹೆಸರಿಟ್ಟು ಗೊತ್ತುಪಡಿಸಿದ ಸ್ಥಳ. ಅದು ಸೂತ್ರಕಾರನ ನಿರ್ಧಾರವೂ ಅಲ್ಲ, ಬಳಕೆದಾರನ ನಿರ್ಧಾರವೂ ಅಲ್ಲ. ಎಲ್ಲರೂ ಒಪ್ಪಿದ ಸಮಯ. ಅದಕ್ಕೊಂದು ಚರವನ್ನಿಡುವುದು ಓದುವವನಿಗೆ ಇಲ್ಲದ ಆಯ್ಕೆಯನ್ನು ತೋರಿಸಿದಂತೆ. ಪೈಥಾನ್‌ನಂತಹ ಭಾಷೆಗಳ ಆಜ್ಞಾಕಡತಗಳ ಮೊದಲ ಸಾಲಿನಲ್ಲಿ ‘/ಯುಎಸ್‌ಆರ್/ಬಿನ್/ಎನ್ವ್’ ಎಂದು ಬರೆಯುವ ರೂಢಿಯೂ ವಿಚಾರಾರ್ಹ. ಪೈಥಾನ್ ಎಲ್ಲಿಯೇ ಇದ್ದರೂ ಅದನ್ನು ಹುಡುಕಿ ತರಲೆಂಬುದು ಇದರ ಉದ್ದೇಶ. ಆದರೆ ಆ ಹುಡುಕಾಟವನ್ನು ನಡೆಸುವ ‘ಎನ್ವ್’ ಎಲ್ಲಿದೆಯೆಂಬುದನ್ನು ಸ್ಥಿರವಾಗಿಯೇ ಹೇಳಬೇಕು. ಚಲನೆಯ ಸ್ವಾತಂತ್ರ್ಯಕ್ಕೂ ಕಾಲೂರಲು ಒಂದು ಅಂಗೈಯಗಲ ನೆಲ ಬೇಕು.

ಸ್ಥಿರಮಾರ್ಗವನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದ್ದು ‘ನಿಕ್ಸ್’. ಏಲ್ಕೊ ಡೋಲ್ಸ್ಟ್ರಾ ಅವರು 2006ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಇದರ ತಾತ್ವಿಕ ನೆಲೆಯನ್ನು ವಿವರಿಸಿದ್ದಾರೆ. ಇಲ್ಲಿ ಪ್ರತಿಯೊಂದು ಪ್ಯಾಕೇಜೂ ‘/ನಿಕ್ಸ್/ಸ್ಟೋರ್’ ಎಂಬ ಕೋಶದಲ್ಲಿ, 32 ಅಕ್ಷರಗಳ ಗುರುತಿನೊಡನೆ, ತನ್ನದೇ ಪ್ರತ್ಯೇಕ ಮನೆಯಲ್ಲಿರುತ್ತದೆ. ಆ ಗುರುತನ್ನು ಸಾಮಾನ್ಯವಾಗಿ ಪ್ಯಾಕೇಜನ್ನು ಕಟ್ಟಲು ಬಳಸಿದ ಎಲ್ಲ ಸಾಮಗ್ರಿಯಿಂದ ಗಣಿಸಿ ತೆಗೆಯಲಾಗುತ್ತದೆ. ಸಾಮಗ್ರಿಯಲ್ಲಿ ಒಂದಂಶ ಬದಲಾದರೂ ಗುರುತು ಬದಲಾಗಿ ಬೇರೆ ಮನೆಯೇ ಹುಟ್ಟುತ್ತದೆ. ಒಂದು ತಂತ್ರಾಂಶವು ತಾನು ಅವಲಂಬಿಸಿರುವ ಇನ್ನೊಂದನ್ನು ಈ ಪೂರ್ಣಮಾರ್ಗದಿಂದಲೇ ಕರೆಯುವುದರಿಂದ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಜಗಳವಿಲ್ಲದೆ ಇರಬಲ್ಲವು. ಸೂತ್ರಕಾರನು ಮಾತ್ರ ಈ ದೀರ್ಘಮಾರ್ಗವನ್ನು ಕೈಯಿಂದ ಬರೆಯುವುದಿಲ್ಲ. ಅವನು ಬಳಸುವುದು ಪ್ಯಾಕೇಜಿನ ಸಂಜ್ಞೆಯನ್ನು. ಸೂತ್ರದಲ್ಲಿ ಚರ, ಫಲದಲ್ಲಿ ಸ್ಥಿರ ಎಂಬ ಈ ವ್ಯವಸ್ಥೆಯು ನಮ್ಮ ಚರ್ಚೆಗೆ ಹೊಸ ದಿಕ್ಕನ್ನು ತೋರಿಸುತ್ತದೆ: ನಿರ್ಧಾರವನ್ನು ‘ಯಾರು’ ಮಾಡಬೇಕೆಂಬುದರ ಜೊತೆಗೆ ‘ಯಾವಾಗ’ ಮಾಡಿ ಮುಗಿಸಬೇಕೆಂಬುದೂ ಮುಖ್ಯ.

ಆದರೆ ನಿಕ್ಸ್ ಕೂಡ ಬೆಲೆ ತೆತ್ತಿದೆ. ‘/ನಿಕ್ಸ್/ಸ್ಟೋರ್’ ಎಂಬ ಮೂಲನೆಲೆಯನ್ನು ಬೇರೆಡೆಗೆ ಒಯ್ದರೆ ಎಲ್ಲ ಗುರುತುಗಳೂ ಬದಲಾಗಿ, ಇತರರು ಮೊದಲೇ ಕಟ್ಟಿಟ್ಟ ಪ್ಯಾಕೇಜುಗಳು ಉಪಯೋಗಕ್ಕೆ ಬಾರದೆ, ಸಮಸ್ತವನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಆಡಳಿತಾಧಿಕಾರವಿಲ್ಲದ ವಿದ್ಯಾರ್ಥಿಯ ಕಷ್ಟ ಇಲ್ಲಿ ಬೇರೊಂದು ಬಾಗಿಲಿನಿಂದ ಮರಳಿ ಬರುತ್ತದೆ. ಇನ್ನೊಂದು ಕಡೆ, ಸ್ಥಿರಮಾರ್ಗವನ್ನು ಕನಿಷ್ಠಕ್ಕೆ ಇಳಿಸಿದ ನಿಕ್ಸ್ಓಎಸ್ ಕಾರ್ಯಾಚರಣ ವ್ಯವಸ್ಥೆಯೂ ‘/ಬಿನ್/ಎಸ್ಎಚ್’ ಮತ್ತು ‘/ಯುಎಸ್‌ಆರ್/ಬಿನ್/ಎನ್ವ್’ ಎಂಬ ಎರಡನ್ನು ಹಳೆಯ ಜಾಗದಲ್ಲಿಯೇ ಉಳಿಸಿಕೊಂಡಿದೆ. ಜಗತ್ತಿನ ಅಸಂಖ್ಯ ಆಜ್ಞಾಕಡತಗಳು ನಂಬಿಕೊಂಡಿರುವ ಸಮಯವನ್ನು ಏಕಪಕ್ಷೀಯವಾಗಿ ಮುರಿಯಲಾಗದೆಂಬುದಕ್ಕೆ ಇದೇ ಸಾಕ್ಷಿ.

6. ಕಟ್ಟಿದವನ ಹೆಜ್ಜೆಗುರುತು

ಯಾರೂ ಬರೆಯದ ಸ್ಥಿರಮಾರ್ಗವೂ ಒಂದುಂಟು. ಕಂಪೈಲರ್ ತಾನು ಓದಿದ ಆಕರ ಕಡತದ ಪೂರ್ಣಮಾರ್ಗವನ್ನು ದೋಷಶೋಧನೆಯ ಮಾಹಿತಿಯ ಅಂಗವಾಗಿ ಫಲಕಡತದಲ್ಲಿ ಬಿಟ್ಟುಹೋಗಬಹುದು. ಹೀಗಾದಾಗ ಒಂದೇ ಆಕರವನ್ನು ಇಬ್ಬರು ಬೇರೆ ಬೇರೆ ಕೋಶಗಳಲ್ಲಿ ಕಟ್ಟಿದರೆ ಎರಡು ಭಿನ್ನ ಕಡತಗಳು ಹುಟ್ಟುತ್ತವೆ. ವಿತರಕನು ಕೊಟ್ಟ ತಂತ್ರಾಂಶವು ಅವನು ತೋರಿಸಿದ ಆಕರದಿಂದಲೇ ಹುಟ್ಟಿದ್ದೆಂಬುದನ್ನು ಮೂರನೆಯವರು ಪರೀಕ್ಷಿಸುವುದು ಆಗ ಕಷ್ಟವಾಗುತ್ತದೆ. ಪುನರುತ್ಪಾದಿಸಬಹುದಾದ ನಿರ್ಮಾಣಕ್ಕಾಗಿ ಡೆಬಿಯನ್ ಮತ್ತಿತರ ಯೋಜನೆಗಳು ನಡೆಸಿರುವ ಪ್ರಯತ್ನದಲ್ಲಿ ಇದೊಂದು ಮುಖ್ಯ ತೊಡಕು. 2018ರ ಜಿಸಿಸಿ 8ನೆಯ ಆವೃತ್ತಿಯು ಮಾರ್ಗದ ಮೊದಲ ಭಾಗವನ್ನು ಒಂದು ಸಾಮಾನ್ಯ ಹೆಸರಿಗೆ ಬದಲಿಸುವ ಸೌಲಭ್ಯವನ್ನು ಒದಗಿಸಿತು.

‘ಕಾಂಡಾ’ ವ್ಯವಸ್ಥೆಯು ಇದಕ್ಕೆ ಸಮೀಪದ ಇನ್ನೊಂದು ಸಮಸ್ಯೆಯನ್ನು ವಿಲಕ್ಷಣವಾಗಿ ಬಿಡಿಸಿದೆ. ಅದು ಪ್ಯಾಕೇಜನ್ನು ಕಟ್ಟುವಾಗ ಉದ್ದೇಶಪೂರ್ವಕವಾಗಿ 255 ಅಕ್ಷರಗಳವರೆಗಿನ ಒಂದು ಉದ್ದನೆಯ ಮಾರ್ಗವನ್ನು ಬಳಸಿ, ಬಳಕೆದಾರನ ಯಂತ್ರದಲ್ಲಿ ಸ್ಥಾಪಿಸುವಾಗ ಅದರ ಜಾಗದಲ್ಲಿ ನಿಜವಾದ ಮಾರ್ಗವನ್ನು ಬರೆಯುತ್ತದೆ. ಯಂತ್ರಸಂಕೇತದ ಕಡತಗಳಲ್ಲಿ ಉಳಿದ ಜಾಗವನ್ನು ಶೂನ್ಯಸಂಕೇತಗಳಿಂದ ತುಂಬುತ್ತದೆ. ಇಲ್ಲಿ ಸ್ಥಿರಮಾರ್ಗವೇ ಚರದ ಕೆಲಸವನ್ನು ಮಾಡುತ್ತಿದೆ. ನಿರ್ಧಾರವು ಕೊನೆಯ ಬಳಕೆದಾರನದೆಂದು ಒಪ್ಪಿಕೊಂಡಾಗ ಅದನ್ನು ಅವನಿಗೆ ತಲುಪಿಸುವ ದಾರಿಗಳು ಹಲವಿವೆಯೆಂಬುದಕ್ಕೆ ಇದು ನಿದರ್ಶನ.

7. ವಿಮರ್ಶೆಯ ಮಾನದಂಡಗಳು

ಮೇಲಿನ ವಿವೇಚನೆಯಿಂದ ನಿರ್ಮಾಣಸೂತ್ರವನ್ನು ಓದುವವನು ಪ್ರತಿಯೊಂದು ಸ್ಥಳಸೂಚನೆಯನ್ನು ಕುರಿತು ಕೇಳಬೇಕಾದ ನಾಲ್ಕು ಪ್ರಶ್ನೆಗಳು ದೊರೆಯುತ್ತವೆ. ಮೊದಲನೆಯದು, ಈ ಸ್ಥಳವನ್ನು ನಿರ್ಧರಿಸುವ ಅಧಿಕಾರ ಯಾರದು? ಅದು ಸೂತ್ರಕಾರನದಲ್ಲವಾದರೆ, ಎಲ್ಲರೂ ಒಪ್ಪಿದ ಸಮಯವೂ ಅಲ್ಲವಾದರೆ, ಚರವಿರಬೇಕು. ಎರಡನೆಯದು, ಸೂತ್ರವು ಸ್ಥಳವನ್ನು ಕರೆಯುತ್ತಿದೆಯೋ ಕೊಡುತ್ತಿದೆಯೋ? ಕೊಡುವಾಗ ಹೊಣೆ ಹೆಚ್ಚು. ಮೂರನೆಯದು, ಸಂಜ್ಞೆಯನ್ನು ಅದರ ಅರ್ಥಕ್ಕಾಗಿ ಬಳಸಲಾಗಿದೆಯೋ ಸದ್ಯದ ಬೆಲೆಗಾಗಿ ಬಳಸಲಾಗಿದೆಯೋ? ನಾಲ್ಕನೆಯದು, ಬಳಕೆದಾರನು ಕೊಟ್ಟ ಬೆಲೆಯು ಸೂತ್ರದಿಂದ ಆಕರದವರೆಗೆ, ಆಕರದಿಂದ ಫಲದವರೆಗೆ ಅಖಂಡವಾಗಿ ಸಾಗುತ್ತದೆಯೋ ನಡುವೆ ಎಲ್ಲಿಯಾದರೂ ಕಡಿದುಹೋಗುತ್ತದೆಯೋ?

ಸೂತ್ರದಲ್ಲಿ ಚರಗಳೆಷ್ಟಿವೆ ಎಂಬ ಎಣಿಕೆಗೆ ಈ ಮಾನದಂಡಗಳಲ್ಲಿ ಸ್ಥಾನವಿಲ್ಲವೆಂಬುದನ್ನು ಗಮನಿಸಬೇಕು. ಯಾರೂ ಬದಲಿಸದ, ಬದಲಿಸಿದರೆ ನಡೆಯದ ಚರಗಳಿಂದ ತುಂಬಿದ ಸೂತ್ರವು ಸ್ಥಿರಮಾರ್ಗದ ಸೂತ್ರಕ್ಕಿಂತ ಓದಲು ಕಷ್ಟ, ಅಷ್ಟೇ ಬಿಗಿ. ಪ್ರತಿಯೊಂದು ಚರವೂ ಸೂತ್ರಕಾರನು ಕೊಟ್ಟ ಒಂದು ಮಾತು. ಪರೀಕ್ಷಿಸಿ ನೋಡದ ಮಾತನ್ನು ಕೊಡುವುದಕ್ಕಿಂತ, ಸ್ಥಿರಮಾರ್ಗವನ್ನು ಒಂದೇ ಕಡೆ, ಎಲ್ಲರಿಗೂ ಕಾಣುವಂತೆ ಬರೆದಿಡುವುದು ಹೆಚ್ಚು ಪ್ರಾಮಾಣಿಕ.

8. ಉಪಸಂಹಾರ

ಗ್ನೂ ಸಾರ್ವಜನಿಕ ಪರವಾನಗಿಯ 2ನೆಯ ಆವೃತ್ತಿಯು 1991ರಲ್ಲಿ ಹೊರಬಂದಾಗ, ಪೂರ್ಣ ಆಕರ ಸಂಕೇತವೆಂದರೆ ಏನೆಂಬುದನ್ನು ನಿರೂಪಿಸುತ್ತ, ಕಂಪೈಲ್ ಮಾಡುವುದನ್ನೂ ಸ್ಥಾಪಿಸುವುದನ್ನೂ ನಿಯಂತ್ರಿಸುವ ಆಜ್ಞಾಕಡತಗಳನ್ನೂ ಅದರಲ್ಲಿ ಸೇರಿಸಿತು. ನಿರ್ಮಾಣಸೂತ್ರವು ತಂತ್ರಾಂಶದ ಹೊರಗಿನ ಅನುಬಂಧವಲ್ಲ, ಅದರ ಆಕರದ ಭಾಗವೇ ಎಂಬ ನಿಲುವು ಇದರಲ್ಲಿ ಅಡಗಿದೆ. ಕರ್ತೃವಿನ ಸ್ವಂತ ಗಣಕದಲ್ಲಿ ಮಾತ್ರ ನಡೆಯುವ ಸೂತ್ರವೊಂದನ್ನು ಆಕರದ ಜೊತೆಗೆ ಕೊಟ್ಟರೆ ಪರವಾನಗಿಯ ಅಕ್ಷರವನ್ನು ಪಾಲಿಸಿದಂತಾಗಬಹುದು. ತಿದ್ದಿ ಮತ್ತೆ ಕಟ್ಟುವ ಸ್ವಾತಂತ್ರ್ಯವು ಪಡೆದವನ ಕೈಗೆ ಬಂದಂತಾಗುವುದಿಲ್ಲ.

ತಂತ್ರಾಂಶವನ್ನು ಕಟ್ಟಿದ ಯಂತ್ರಗಳು ಹಳತಾಗುತ್ತವೆ, ವಿತರಣೆಗಳ ರೂಢಿಗಳು ಬದಲಾಗುತ್ತವೆ. ಉಳಿಯಬೇಕಾದುದು ಆಕರವೂ ಅದನ್ನು ಮತ್ತೆ ಕಟ್ಟುವ ಸಾಧ್ಯತೆಯೂ. ಗ್ರಂಥಾಲಯಗಳೂ ಸಂಶೋಧನಾ ಸಂಸ್ಥೆಗಳೂ ಕನ್ನಡದ ತಂತ್ರಾಂಶಗಳನ್ನು ಆಕರಸಹಿತ ಸಂರಕ್ಷಿಸಲು ಮುಂದಾದಾಗ, ಆಕರದ ಕಡತಗಳು ಪೂರ್ಣವಾಗಿವೆಯೇ ಎಂದು ನೋಡುವುದರ ಜೊತೆಗೆ ಸೂತ್ರದಲ್ಲಿ ಅಚ್ಚಾಗಿರುವ ಮಾರ್ಗಗಳಾವುವು, ಅವನ್ನು ಬದಲಿಸುವ ಕೀಲಿ ಎಲ್ಲಿದೆ ಎಂಬುದನ್ನೂ ಪರಿಶೀಲಿಸಿ ದಾಖಲಿಸುವುದು ಅವಶ್ಯಕ. ಬೇರೊಂದು ಗಣಕದಲ್ಲಿ, ಬೇರೊಂದು ಕೋಶದಲ್ಲಿ, ಆಡಳಿತಾಧಿಕಾರವಿಲ್ಲದ ಒಬ್ಬ ಸಾಮಾನ್ಯ ಬಳಕೆದಾರನ ಕೈಯಿಂದ ಅದನ್ನು ಒಮ್ಮೆ ಕಟ್ಟಿಸಿ, ಕನ್ನಡದ ಸಂದೇಶಗಳು ಪರದೆಯ ಮೇಲೆ ಕನ್ನಡದಲ್ಲಿಯೇ ಬರುತ್ತವೆಯೇ ಎಂದು ನೋಡುವುದು ಈ ಪರಿಶೀಲನೆಯ ಅತ್ಯಂತ ಸರಳವಾದ, ಅತ್ಯಂತ ವಿಶ್ವಾಸಾರ್ಹವಾದ ಕ್ರಮ.